ಎರಡನೇ ಟಿಕೆಟ್ಟು

ತೋರ್ಸ್‌ಹಾವ್ನ್ ಬಂದರಿನ ಬೆನ್ನಿಗೆ,
ಮೀನಿನ ಗೋದಾಮಿನೊಡನೆ ಗೋಡೆ ಹಂಚಿಕೊಂಡ ಕೋಣೆಯಲ್ಲಿ
ಎರಡು ಸರ್ವರುಗಳು.
ಹಳೆಯದು ಹನ್ನೊಂದು ವರ್ಷದಿಂದ ಕೆಮ್ಮುತ್ತಲೇ
ದ್ವೀಪದವರಿಗೆಲ್ಲ ಉತ್ತರ ಕೊಟ್ಟಿದೆ:
ಬೆಳಗಿನ ಹಡಗು ಉಂಟೇ, ಕಾರಿಗೆ ಜಾಗ ಇದೆಯೇ,
ಟಗರಿಗೆ ಅರ್ಧ ದರವೇ.

ಹೊಸದಕ್ಕೆ ಇನ್ನೂ ಯಾರ ಗುರುತೂ ಇಲ್ಲ.

ನಾವೇ ಬರೆದ ಪ್ರಶ್ನೆ ಕೇಳಿದೆವು; ನೂರಕ್ಕೆ ನೂರು.
ಮಾರ್ಯುನ್ ನಕ್ಕಳು: ಪ್ರಶ್ನೆಯೂ ನಿನ್ನದೇ, ಮೇಷ್ಟ್ರೂ ನೀನೇ.
ಜನ ಹೀಗೆ ಕೇಳುವುದಿಲ್ಲ ಕಣೋ,
ಊರಿನ ಹೆಸರು ತಪ್ಪು ಬರೆಯುತ್ತಾರೆ,
ಒಂದೇ ಗುಂಡಿ ಏಳು ಸಲ ಒತ್ತುತ್ತಾರೆ,
ಹಾಲುಕ್ಕಿತೆಂದು ಅರ್ಧಕ್ಕೇ ಎದ್ದು ಹೋಗುತ್ತಾರೆ.

ತಂತಿಯ ಬಾಯಿಗೆ ಕನ್ನಡಿ ಹಿಡಿದೆವು.
ಬಂದ ಮಾತು ಹಳೆಯದಕ್ಕೆ, ಅದರ ಪಡಿಯಚ್ಚು ಹೊಸದಕ್ಕೆ;
ಹೆಸರಿಗೆ ಮಸಿ ಬಳಿದು, ಕಾರ್ಡಿನ ಅಂಕಿ ಒರೆಸಿ.
ಹೊಸದರ ಉತ್ತರ ಹೊಸ್ತಿಲು ದಾಟಕೂಡದು,
ಹಳೆಯದರ ಪಕ್ಕ ಹಿಡಿದು ನೋಡಿ, ಬಿಸಾಡುವುದು.
ಕನ್ನಡಿಯೊಳಗಿನ ಗಂಟು, ಯಾರ ಕೈಗೂ ಸಿಗದು
ಎಂದುಕೊಂಡಿದ್ದೆವು.

ಮೊದಲ ಬೆಳಿಗ್ಗೆಯೇ ಮುದುಕ ಹಾನುಸ್
ಎರಡು ಚೀಟಿ ಹಿಡಿದು ಬಾಗಿಲಲ್ಲಿ ನಿಂತ.
ಒಂದರಲ್ಲಿ ಅವನ ಹೆಸರು,
ಇನ್ನೊಂದರಲ್ಲಿ ಹೆಸರಿನ ಜಾಗದಲ್ಲಿ ಕರಿಪಟ್ಟಿ.
ಕಟ್ಟೆಯ ಮೇಲಿನ ಟಿಕೆಟ್ ಯಂತ್ರದ ದಾರಿಯೊಂದನ್ನು
ಮುಚ್ಚಲು ಮರೆತಿದ್ದೆ.
"ಏನಪ್ಪ, ನನ್ನ ನೆರಳಿಗೂ ಸೀಟು ಕೊಟ್ಟಿರೋ?"
ಅವನಿಗೆ ಏನೂ ತಿಳಿದಿರಲಿಲ್ಲ;
ನಮ್ಮ ಕೆಲಸವನ್ನು ಇಷ್ಟು ಸರಿಯಾಗಿ
ಯಾರೂ ಹೇಳಿರಲಿಲ್ಲ.

ದಾರಿ ಮುಚ್ಚಿದೆ. ಎರಡು ಸಲ ತಳ್ಳಿ ನೋಡಿದೆ.

ಒಂಬತ್ತನೇ ರಾತ್ರಿ ಬಿರುಗಾಳಿ.
ಸುದುರೋಯ್‌ನಿಂದ, ಸಂದೋಯ್‌ನಿಂದ, ಎಲ್ಲ ಕಿಟಕಿಗಳಿಂದ
ಒಂದೇ ಪ್ರಶ್ನೆ, ಮತ್ತೆ ಮತ್ತೆ:
ನಾಳೆ ಏಳಕ್ಕೆ ಹಡಗು ಬಿಡುತ್ತದೆಯೇ?
ಹಳೆಯದು ಕೆಮ್ಮಿ, ತಡವರಿಸಿ, ಇಲ್ಲ ಎಂದಿತು.
ಹೊಸದು ಚುರುಕಾಗಿ, ಒಂದು ಉಸಿರೂ ತಪ್ಪದೆ,
ಮುನ್ನೂರ ಹನ್ನೆರಡು ಸಲ
ಬಿಡುತ್ತದೆ ಎಂದಿತು.

ಬೆಳಗಾಯಿತು. ಅಲೆ ಕಟ್ಟೆಯನ್ನು ಹತ್ತಿ ಇಳಿಯುತ್ತಿತ್ತು.
ಪೆಟ್ಟಿಗೆ ಹಿಡಿದು ನಡುಗುತ್ತ
ಒಬ್ಬರೂ ಅಲ್ಲಿ ನಿಂತಿರಲಿಲ್ಲ.
ಅಷ್ಟು ಒಳ್ಳೆಯ ತಪ್ಪನ್ನು
ನಾನು ಈವರೆಗೆ ಕಂಡಿಲ್ಲ.

ಕರಿಪಟ್ಟಿಯ ಚೀಟಿ ಇನ್ನೂ ನನ್ನ ಮೇಜಿನ ಮೇಲಿದೆ,
ಕಾಫಿ ಲೋಟದ ಕಲೆ ಅದಕ್ಕೆ ಮುದ್ರೆ.
ಹಾನುಸ್ ದಾಟುವಾಗೆಲ್ಲ ಕಿಟಕಿ ತಟ್ಟುತ್ತಾನೆ:
ಇವತ್ತು ಅವನು ಬರಲ್ಲವೋ?
ನಾನು ಒಳಗಿನಿಂದ ಕೈ ಆಡಿಸುತ್ತೇನೆ.
ಇಲ್ಲೇ ಕೂತಿದ್ದಾನೆ, ಇನ್ನೂ ಕಲಿಯುತ್ತಿದ್ದಾನೆ.