ಹನ್ನೊಂದನೆಯ ನೀಲಿ

ಟಾಡ್ಮರ್ಡನ್ನಿನ ಕಾಲುವೆ ದಂಡೆ, ಹಳೇ ಗಿರಣಿ.
ಕೆಳಗೆ ಸೈಕಲ್ ರಿಪೇರಿ, ಮೇಲೆ ನಮ್ಮ ಬಣ್ಣದ ಕೋಣೆ:
ವಿನೆಗರು, ಒದ್ದೆ ಕುರಿಯ ವಾಸನೆ, ಕುದಿವ ಪಾತ್ರೆ ಆರು.
ಇಲ್ಲಿಯ ನೀರಿಗೆ ಸವುಳಿಲ್ಲ,
ಉಣ್ಣೆ ತಕರಾರಿಲ್ಲದೆ ಬಣ್ಣ ಕುಡಿಯುತ್ತದೆ
ಅಂದಳು ಮೊದಲ ದಿನವೇ ಅಟ್ರಾಕ್ಟಾ ಗೆರಟಿ.
ಎಪ್ಪತ್ತೊಂದು ವಯಸ್ಸು, ಮೊಣಕೈವರೆಗೆ ರಬ್ಬರಿನ ಕೈಗವಸು,
ಮೇಯೋ ಬಿಟ್ಟು ಐವತ್ತು ವರ್ಷವಾದ ಮೇಲೆ
ಬೈಯುವುದಕ್ಕೆ ಮಾತ್ರ ಐರಿಷ್.

ಸಿಂಕಿನ ಮೇಲೆ ಎಂಬತ್ತೇಳನೇ ಇಸವಿಯ ಕ್ಯಾಲೆಂಡರು,
ಅವಳೂರಿನ ಕಟುಕ ಗಿರಾಕಿಗಳಿಗೆ ಹಂಚಿದ್ದು.
ತಿಂಗಳಿಗೊಂದು ಹಸ್ತಪ್ರತಿಯ ಪುಟ,
ಕರುವಿನ ತೊಗಲ ಮೇಲೆ ಬರೆದ ದೇವರ ಮಾತು,
ಅದರಡಿಗೆ ಕಟುಕನ ಫೋನ್ ನಂಬರು.
"ಲೆಕ್ಕ ಸರಿಯಾಗಿಯೇ ಇದೆ," ಅನ್ನುವಳು.

ಅಲ್ಲಿಂದಲೇ ನಮ್ಮ ಬಣ್ಣವೆಲ್ಲ.
ಮಾರ್ಚಿನ ಹಕ್ಕಿಯ ಕೊಕ್ಕಿನಿಂದ ಸಿಂಧೂರ.
ಹುಣಿಸೆ ಕಾಣದ ತಾಮ್ರದ ಕೊಡದ ಕಿಲುಬಿನಂಥ ಹಸಿರು
ಜೂನ್ ತಿಂಗಳ ಸಂತನ ನಿಲುವಂಗಿಯಿಂದ.
ಅಂಚಿನಲ್ಲಿ ಹಾವು: ಒಂದರ ಕೊರಳು ಇನ್ನೊಂದು ಸುತ್ತಿ,
ಅಕ್ಷರದ ಹೊಟ್ಟೆ ಹೊಕ್ಕು,
ಎಲ್ಲಿ ಹೊರಬಂತೆಂದು ಬೆರಳಿಟ್ಟು ಹುಡುಕುವಷ್ಟರಲ್ಲಿ
ಟೀ ಆರಿರುತ್ತದೆ.

ಹಳದಿಗೆ ಅವಳದೊಂದು ಉದ್ದ ಹೆಸರಿತ್ತು. ಹರಿತಾಳ, ಅಂದೆ ನಾನು.
"ವಿಷ ಅದು," ಅಂದಳು. ವಿಷವೇ, ಅಂದೆ.
ಪ್ಯಾಕೆಟ್ಟಿನ ಪುಡಿಯನ್ನೇ ಚಮಚದಲ್ಲಿ ಅಳೆದೆವು.

ಮಸಿಯ ಕಪ್ಪಿಗೆ ಮಾತ್ರ
ಓಕ್ ಮರದ ಗಂಟು ಒಂದು ಚೀಲ ತಂದು ಸುರಿದಳು.
ನಕ್ಕುಬಿಟ್ಟೆ. ಮಾಚಿಕಾಯಿ!
ಗುಳೇದಗುಡ್ಡದಲ್ಲಿ ಅಜ್ಜಿ ಸಾಣೆಕಲ್ಲಿಗೆ ಎರಡೇ ಸುತ್ತು ತೇಯ್ದು
ಕೂಸಿದ್ದಾಗ ನನ್ನ ನಾಲಗೆಗೆ ಒರೆಸಿದ್ದು.
"ಹಾಗಾದರೆ ಮಸಿ ನೆಕ್ಕಿ ಬೆಳೆದವಳು ನೀನು,"
ಅಂದವಳು ಅವತ್ತಿನಿಂದ
ಗಂಟೆಗೆ ಐವತ್ತು ಪೆನ್ನಿ ಜಾಸ್ತಿ ಕೊಟ್ಟಳು.

ಕಾಡಿದ್ದು ನೀಲಿ.
ನವೆಂಬರಿನ ಪುಟವೇ ಇಲ್ಲ, ಅವಳಪ್ಪ ಪೈಪು ಹೊತ್ತಿಸಿದ್ದ.
ಹನ್ನೆರಡರ ವಯಸ್ಸಿನಲ್ಲಿ, ಶಾಲೆಯ ಬಸ್ಸಿಳಿದು
ಗಾಜಿನ ಪೆಟ್ಟಿಗೆಯೊಳಗೆ ಕಂಡ ನೀಲಿ ಅದು, ಅಂಗೈಯಷ್ಟು.
ಲಡಿಯನ್ನು ಕಿಟಕಿಗೆ ಹಿಡಿದು, ಸಾಲದು, ಅನ್ನುವಳು.
ಇನ್ನೊಂದು ಚಮಚ. ಸಾಲದು.
ಏಳನೆಯದು, ಒಂಬತ್ತನೆಯದು.
ಹನ್ನೊಂದನೆಯದಕ್ಕೆ ತಲೆದೂಗಿದಳು.
ನನಗೆ ಕಣ್ಣು ಚುಚ್ಚುತ್ತಿತ್ತು. ಸುಮ್ಮನಿದ್ದೆ.
ಐವತ್ತು ಪೆನ್ನಿಯ ಋಣವಿರಬಹುದು.
ಮೂರು ವರ್ಷ ಅದನ್ನೇ ಮಾರಿದೆವು.

ಈ ಫೆಬ್ರವರಿ, ಹ್ಯಾಲಿಫ್ಯಾಕ್ಸಿನಲ್ಲಿ, ಬಲಗಣ್ಣಿನ ಪೊರೆ ತೆಗೆದರು.
ಮೂರನೇ ದಿನಕ್ಕೇ ಮೆಟ್ಟಿಲೇರಿ ಬಂದಳು,
ಕೋಟು ಬಿಚ್ಚದೆ ಗೂಟದ ಲಡಿಗಳ ಮುಂದೆ ನಿಂತಳು.
ಒಂದು ಕಣ್ಣು ಮುಚ್ಚಿದಳು. ತೆರೆದು, ಇನ್ನೊಂದು ಮುಚ್ಚಿದಳು.
ಎಡಗಣ್ಣಿಗೆ ಇನ್ನೂ ಹರಿತಾಳ ಸವರಿದ ಲೋಕ.
ಬಲಗಣ್ಣಿಗೆ,
"ದೇವರೇ. ಇದು ಪೊಲೀಸ್ ಕಾರಿನ ದೀಪ."
ಆಮೇಲೆ, "ನಿನಗೆ ಗೊತ್ತಿತ್ತು."

ಪಾತ್ರೆಯ ಮುಚ್ಚಳ ತಟತಟ ಅಂದಿತು.
ಗೊತ್ತಿತ್ತು, ಅಂದೆ.
ಬೈದಳು. ಐರಿಷಿನಲ್ಲಿ. ಬಹಳ ಹೊತ್ತು.

ಬೈದು ಮುಗಿದಾಗ ಕಿಟಕಿಯ ಬಳಿ ಇದ್ದಳು.
ಕೆಳಗೆ ಮಂಜಿನಲ್ಲಿ ಕಾಲುವೆ ಇಲ್ಲ, ಸೇತುವೆ ಇಲ್ಲ,
ನಾಯಿಯೊಂದು ಯಾರನ್ನೋ ಎಳೆದುಕೊಂಡು ಹೋಗುತ್ತಿತ್ತು;
ಯಾರೆಂದು ಕಾಣದು, ಟೊಪ್ಪಿಗೆ ಮಾತ್ರ,
ಹನ್ನೊಂದನೆಯ ನೀಲಿ.
"ನೀರಿಗಂತೂ ಬೀಳಲಾರಳು," ಅಂದಳು.

ಹನ್ನೆರಡನೆಯದು ಈಗ ಪಾತ್ರೆಯಲ್ಲಿದೆ, ಚಿಟಿಕೆ ಮಾಚಿಕಾಯಿ ಬೆರೆತು.
ಹಳೆಯದನ್ನೂ ನಿಲ್ಲಿಸಿಲ್ಲ.
ಚೀಟಿಗೆ ಹೊಸ ಹೆಸರು ಕೇಳಿದಳು. ಪೊರೆ, ಅಂದೆ.
ಕಣ್ಣಿಗೆ ಕಟ್ಟುವುದೂ ಅದೇ,
ನಿನ್ನ ಅಂಚಿನ ಹಾವು ಕಳಚುವುದೂ ಅದೇ.
ಮೂರನೆಯ ಅರ್ಥ ಹೇಳಲಿಲ್ಲ.

ನನ್ನ ಅಕ್ಷರ ನೋಡಿ ನಿಧಾನ ತಿದ್ದಿದಳು.
ಪೊ-ದ ಬಾಲ ಅವಳ ಪೆನ್ನಿನಡಿ ನಿಲ್ಲದೆ ಉದ್ದವಾಗಿ
ರೆ-ಯನ್ನು ಒಂದು ಸುತ್ತು ಸುತ್ತಿ
ತಿರುಗಿ ಬಂದು ತನ್ನನ್ನೇ ಕಚ್ಚಿತು.