ಬಿಲ್ ನಂಬರ್ ೧೧೭

ಮಂಡಕ್ಕಿ ಭಟ್ಟಿಯ ಹೊಗೆ ಇಳಿಯುವ ಹೊತ್ತಿಗೆ
ಲಾರಿಯ ಬೆನ್ನೇರಿ ಬಂತು ಕಾರು,
ಎರಡೇ ಬಾಗಿಲು, ನನ್ನ ಸೊಂಟದೆತ್ತರ,
ಬ್ಯಾಡಗಿ ಮೆಣಸಿನಕಾಯಿ ಕೆಂಪು.
ಗ್ಯಾರೇಜಿನ ಹೊಸ್ತಿಲಿಗೆ ಎರಡು ಹಲಗೆ ಹಾಸಿದೆವು,
ಆದರೂ ಹೊಟ್ಟೆ ತರಚಿತು.
ಹುಬ್ಬಳ್ಳಿ ಹುಡುಗ ಸ್ಸ್ ಅಂದ,
ತನ್ನದೇ ಚರ್ಮ ಸುಲಿದಂತೆ.

ಬ್ಯಾಟರಿ ಹೊಸದಂತೆ. ಸ್ಟಾರ್ಟರ್ ಹೊಸದಂತೆ.
ಕಂಪನಿಯವರು ಲ್ಯಾಪ್‌ಟಾಪ್ ಚುಚ್ಚಿ ಹದಿನಾಲ್ಕು ದೋಷ ಓದಿ
ಕಂಪ್ಯೂಟರನ್ನೇ ಬದಲಿಸಬೇಕು,
ಮೂರೂವರೆ ಲಕ್ಷ ಅಂದರಂತೆ.
ಇದನ್ನೆಲ್ಲ ಅವನು ಜಿಲಾನಿ ಸಾಬರ ಎಡಗಿವಿಗೆ ಹೇಳಿದ.
ಚಿಕ್ಕಂದಿನಲ್ಲಿ ಸೋರಿ ಸೋರಿ ಮುಚ್ಚಿಹೋದ ಕಿವಿ ಅದು.
ಗಿರಾಕಿಗೆ ಎಡ, ಇಂಜಿನ್ನಿಗೆ ಬಲ,
ಹಾಗೆ ಪಾಲು ಮಾಡಿಟ್ಟಿದ್ದಾರೆ ಉಸ್ತಾದರು.

"ಹಾಲೇಶ, ಒಳಗೆ ಕುಂದ್ರು. ಹೆಡ್‌ಲೈಟ್ ಹಾಕು."
ಹಾಕಿದೆ. ಪೆಟ್ರೋಲಿನ ಮುಳ್ಳು ತಾನಾಗಿ ಮೇಲೆದ್ದಿತು,
ಒಂದು ಹನಿಯೂ ಕುಡಿಯದೆ.
"ಇಂಡಿಕೇಟರ್."
ಎಡಕ್ಕೆ ಒತ್ತಿದರೆ ಬಲದ್ದೂ ಮಂಕಾಗಿ ಕಣ್ಣು ಹೊಡೆಯಿತು.
"ಹಾರ್ನ್."
ವೈಪರ್ ಒಂದು ಗೇಣು ಎದ್ದು ನಿಂತಿತು.
ಹುಡುಗನ ಮುಖ ಬಿಳುಚಿತು. ಸಾಬರು ನಕ್ಕರು:
"ಬಸಿಗಾಲುವೆ ಕಟ್ಟಿದ್ರೆ ನೀರು ಏನ್ಮಾಡ್ತದಪ್ಪ?
ಪಕ್ಕದೋರ ಗದ್ದೆಗೆ ನುಗ್ತದೆ."

ಮೀಟರಿನ ಕರಿ ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಕೆಂಪು ಕಡ್ಡಿ ಇಂಜಿನ್ನಿನ ಮೈಗೆ.
"ಹೊಡಿ ಸೆಲ್ಫು."
ಕಟಕ್. ಅಷ್ಟೇ.
ಸೊನ್ನೆ ಇರಬೇಕಾದಲ್ಲಿ ನಾಲ್ಕೂವರೆ ವೋಲ್ಟು.
ದಾರಿಯಲ್ಲಿ ಎಲ್ಲೋ ಯಾರೋ ಕೂತು
ಸುಂಕ ವಸೂಲಿ ಮಾಡುತ್ತಿದ್ದಾರೆ.

ಟಾರ್ಚು ಹಲ್ಲಲ್ಲಿ ಕಚ್ಚಿ ಅಂಗಾತ ಮಲಗಿದೆ.
ಇಂಜಿನ್ನಿನ ಗೂಡು ಮದುವೆ ಮನೆಯ ಹಾಗಿತ್ತು:
ಹೋದ ವರ್ಷ ಪುಣೆಯಲ್ಲಿ ಬಣ್ಣ ಹೊಡೆಸಿದ್ದನಂತೆ,
ಒಳಗೂ ಅದೇ ಕೆಂಪು, ಮೂರು ಕೋಟು, ಮೇಲೆ ಮೆರುಗು.
ಜಡೆಯಂತೆ ಹೆಣೆದ ತಾಮ್ರದ ಪಟ್ಟಿ
ಚಾಸಿಗೆ ಕೂತ ಜಾಗದಲ್ಲಿ ಬೋಲ್ಟು ಬಿಗಿಯಾಗಿಯೇ ಇತ್ತು.
ಅಲುಗಿಸಿ ನೋಡಿ ಮುಂದೆ ಹೋಗುತ್ತಿದ್ದೆ.
"ಬಿಚ್ಚು."
ಬಿಚ್ಚಿದೆ.
ಪಟ್ಟಿಯ ಕಿವಿಯಡಿಗೆ ಬಣ್ಣ,
ನುಣ್ಣಗೆ, ಒಂದು ಗೀರೂ ಇಲ್ಲದೆ.
ಇಷ್ಟು ದಿನ ಕರೆಂಟು ಬೋಲ್ಟಿನ ಸುತ್ತುಗಳನ್ನೇ ಹಿಡಿದು
ಹೇಗೋ ಮನೆ ಸೇರುತ್ತಿತ್ತು.
ಈ ಮಳೆಗಾಲ ಅದಕ್ಕೂ ತುಕ್ಕು ಹತ್ತಿತ್ತು.

ಎಂಟಾಣೆ ಅಗಲ ಕೆರೆಯಲು ಸಾಬರು ಅಪ್ಪಣೆ ಕೇಳಿದರು.
ಹುಡುಗ ಹೂಂ ಅಂದು ರಸ್ತೆಯ ಕಡೆ ತಿರುಗಿ ನಿಂತ.
ಎಮರಿ ಕಾಗದ, ಹತ್ತೋ ಹನ್ನೆರಡೋ ಉಜ್ಜು.
ಹಸಿ ಕಬ್ಬಿಣ ಕಣ್ಣು ಬಿಟ್ಟಿತು.

ಸೆಲ್ಫು ಹೊಡೆದೆ.
ಭಟ್ಟಿಯ ಹೆಂಗಸರು ಜರಡಿ ಹಿಡಿದೇ ಹೊರಗೆ ಬಂದರು,
ಏನು ಸಿಡಿಯಿತೆಂದು ನೋಡಲು.
ಸಾಬರು ಮಾತ್ರ ಉದ್ದ ಸ್ಕ್ರೂಡ್ರೈವರಿನ ಮೊನೆಯನ್ನು ಡೈನಮೋಗೆ ಊರಿ
ಹಿಡಿಯನ್ನು ಆ ಸತ್ತ ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದರು.
"ಬೇರಿಂಗ್ ಅಳಾಕ್ ಹತ್ತೇದೆ. ದೀಪಾವಳಿ ಮಟ ಬಂದೀತು."
ಯಾರೂ ಅದನ್ನು ಕೇಳಿರಲಿಲ್ಲ.

ಬಿಲ್ಲು ಬರೆಯುವವನು ನಾನು.
ಸೇರಿದ ಹೊಸತರಲ್ಲಿ ಉಸ್ತಾದರು ಅರ್ತು ಅರ್ತು ಅನ್ನುವುದಕ್ಕೆ
ಪಿಯುಸಿ ಓದಿದ ಜಂಬದಲ್ಲಿ ಮಹಾಪ್ರಾಣ ಹಚ್ಚಿದ್ದೆ.
ಅವರು ಓದುವುದು ಉರ್ದು. ತಿದ್ದುವವರಿಲ್ಲದೆ
ನಾಲ್ಕು ವರ್ಷ ಹಾಗೇ ನಡೆದಿದೆ.

"ಅರ್ಥಕ್ಕೆ ಬಣ್ಣ ಅಡ್ಡ ಬಂದಿತ್ತು. ಕೆರೆದು ಬಿಗಿದಿದ್ದು: ೩೫೦.
ಬೇರಿಂಗ್ ಕೇಳಿದ್ದು: ಇಲ್ಲ."

ಹುಡುಗ ಚೀಟಿಯನ್ನು ಎರಡು ಸಲ ಓದಿದ,
ಮಡಿಸಿ ಜೇಬಿಗಿಟ್ಟ, ಮತ್ತೆ ತೆಗೆದು ಓದಿದ.
ಐನೂರರ ನೋಟು ಕೊಟ್ಟ.
ಚಿಲ್ಲರೆಗೆಂದು ಭಟ್ಟಿಗೆ ಓಡಿ ವಾಪಸು ಬಂದರೆ
ಇನ್ನೂ ಹೊರಟಿರಲಿಲ್ಲ.
ಕತ್ತಲಲ್ಲಿ ಸೀಟಿಗೆ ಒರಗಿ ಕೂತು
ಇಂಡಿಕೇಟರ್ ಹಾಕಿ ನೋಡುತ್ತಿದ್ದ:
ಎಡ ಒತ್ತಿದರೆ ಎಡ.
ಬಲ ಒತ್ತಿದರೆ ಬಲ.
ಮತ್ತೆ ಎಡ.