ಆ ಕುರ್ಚಿಯಿಂದ ಕಂಡದ್ದು

ನಿವೃತ್ತಿಯಾಗಿ ನಾಲ್ಕು ವರ್ಷ.
ಗ್ರಿಮ್ಸ್‌ಬಿಯ ಸಂತೆಯಲ್ಲಿ ಈಗಲೂ ನನಗೆ
ಮುಖಗಳ ಗುರುತು ಹತ್ತುವುದಿಲ್ಲ.
"ಹಲೋ ಡಾಕ್ಟರ್" ಎಂದು ನಕ್ಕರೆ ಸಾಕು,
ಓ, ಮೇಲಿನ ಸಾಲು, ಎಡಗಡೆ, ಆರನೆಯದು,
ತೊಂಬತ್ತೆಂಟರಲ್ಲಿ ಬೆಳ್ಳಿ ತುಂಬಿದ್ದೆ.
ಹೆಸರು ಮಾತ್ರ, ದೇವರಾಣೆ, ನೆನಪಿಲ್ಲ.
ಬಾಯಿ ಮುಚ್ಚಿಕೊಂಡವರೆಲ್ಲ ನನಗೆ ಅಪರಿಚಿತರು.

ಬೆಳಿಗ್ಗೆ ಎದ್ದರೆ ಮಾಡಲಿಕ್ಕೇನೂ ಇಲ್ಲ ಎಂಬುದೇ
ಒಂದು ದೊಡ್ಡ ಕೆಲಸ.
ಹಡಗುಕಟ್ಟೆಯ ಲೆಕ್ಕಪತ್ರ ಬಿಟ್ಟ ನಮ್ಮ ಚೆನ್ನವೀರ
ಈಗ ಹಕ್ಕಿಗಳ ಲೆಕ್ಕ ಇಡುತ್ತಾರೆ:
ಮಂಗಳವಾರ, ಗುಬ್ಬಿ ಏಳು, ಪಾರಿವಾಳ ಮೂರು,
ಪಕ್ಕದ ಮನೆಯ ಬೆಕ್ಕು ಒಂದು
(ಹಕ್ಕಿಯಲ್ಲ, ಆದರೂ ಜಮಾ ಆಗಿದೆ).
ನಾನು ಪುಕ್ಕಟೆ ಬಸ್ ಪಾಸ್ ಹಿಡಿದು
ಕ್ಲೀಥಾರ್ಪ್ಸ್‌ವರೆಗೆ ಹೋಗಿ
ಸಮುದ್ರ ಹಿಂದೆ ಸರಿದಿದೆಯೇ ಎಂದು ನೋಡಿ
(ಸರಿದಿರುತ್ತದೆ, ಅದಕ್ಕೂ ನಿವೃತ್ತಿ ಬೇಕೇನೋ)
ಅದೇ ಬಸ್ಸಿಗೆ ವಾಪಸು.
ದುಡ್ಡು ಕೊಡದೆ ಹೋಗುವವರಿಗೆ ಎಲ್ಲಿಗಾದರೇನು!

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ
ಅನ್ನುತ್ತಿದ್ದಳು ರಾಣೇಬೆನ್ನೂರಿನಲ್ಲಿ ನಮ್ಮವ್ವ.
ಮೂವತ್ತೊಂದು ವರ್ಷ ಪರರ ಹಲ್ಲು ಕಾಯ್ದವಳಿಗೆ
ಆ ಗಾದೆ ಅನ್ವಯಿಸದು ಅಂದುಕೊಂಡಿದ್ದೆ.
ಕಳೆದ ತಿಂಗಳು, ಕಡಲೆಗೂ ಅಲ್ಲ,
ಮೆತ್ತನೆಯ ಬ್ರೆಡ್ಡಿಗೆ
ಕೆಳದವಡೆಯದೊಂದು ಕಟ್ ಎಂದಿತು.

ಹೋದೆ, ನನ್ನದೇ ಹಳೆಯ ಕ್ಲಿನಿಕ್ಕಿಗೆ.
ಈಗ ಅಲ್ಲಿರುವವನು ಕ್ಯಾಲಮ್.
ಏಳು ವರ್ಷದವನಿದ್ದಾಗ ನನ್ನ ತೋರುಬೆರಳು ಕಚ್ಚಿದವನು;
ಗುರುತು ಇನ್ನೂ ಇದೆ, ತೋರಿಸಿದೆ.
ಮಾಸ್ಕಿನ ಎರಡೂ ಬದಿ ಕಿವಿ ಕೆಂಪಾದವು.
"ಅಗಲ ಬಾಯಿ ತೆರೆಯಿರಿ, ಒಂಚೂರೂ ನೋಯುವುದಿಲ್ಲ" ಅಂದ.
ನನ್ನದೇ ಸುಳ್ಳು, ನನ್ನದೇ ರಾಗದಲ್ಲಿ.

ಕುರ್ಚಿ ಹಿಂದಕ್ಕೆ ವಾಲಿತು.
ಆಗ ಕಂಡಿತು ನೋಡಿ, ಇಷ್ಟು ವರ್ಷಕ್ಕೆ ಮೊದಲ ಸಲ,
ಆ ಕೋಣೆಯ ಚಾವಣಿ.
ಸಣ್ಣ ಸಣ್ಣ ತೂತುಗಳ ಬಿಳಿ ಹಲಗೆ,
ದೀಪದೊಳಗೆ ಸತ್ತು ಒಣಗಿದ ನೊಣ,
ಮೂಲೆಯಲ್ಲಿ ನೀರು ಸೋರಿದ ಕಂದು ಕಲೆ,
ಥೇಟ್ ಮಗ್ಗುಲಾಗಿ ಮಲಗಿದ ಎಮ್ಮೆ.
ಅಯ್ಯೋ, ಊರಿಗೆ ಊರೇ ಈ ಎಮ್ಮೆಯನ್ನು ನೋಡಿದೆ!
ಮೀನುಕಟ್ಟೆಯ ಆಳುಗಳು, ಪಾದ್ರಿ,
ಮದುವೆಯ ಹಿಂದಿನ ದಿನ ಓಡಿಬಂದ ಮದುಮಗಳು,
ಬಾಯ್ತುಂಬ ಹತ್ತಿ, ಕಣ್ಣಂಚಿನಲ್ಲಿ ನೀರು.
ಅದರ ಕೆಳಗೇ ನಿಂತು ನಾನು
ಅವರ ರಜೆ, ನಾಯಿ, ಮೊಮ್ಮಕ್ಕಳನ್ನು ವಿಚಾರಿಸುತ್ತಿದ್ದೆ,
ಉತ್ತರ ಕೊಡಲಾಗದ ಹೊತ್ತೇ ನೋಡಿಕೊಂಡು.

"ಚುಕ್ಕೆ ಎಣಿಸು ಮರೀ" ಅನ್ನುತ್ತಿದ್ದೆ ಅಳುವ ಮಕ್ಕಳಿಗೆ.
ಎಷ್ಟಾದವೆಂದು ಯಾರನ್ನೂ ಕೇಳಿರಲಿಲ್ಲ.
"ಒಂದು ಹಲಗೆಗೆ ಇನ್ನೂರ ನಲವತ್ತು"
ಎಂದ ಕ್ಯಾಲಮ್ ತಾನಾಗಿಯೇ, ಇಕ್ಕಳ ಎತ್ತಿಕೊಂಡು.
ಬಾಯಿ ತೆರೆದೇ ಇತ್ತು, ನಗಲಾಗಲಿಲ್ಲ;
ಹೊಟ್ಟೆ ನಕ್ಕಿತು.

ಹಲ್ಲನ್ನು ಪುಟ್ಟ ಲಕೋಟೆಯಲ್ಲಿ ಕೊಟ್ಟು ಕಳಿಸಿದ.
ಮನೆಗೆ ಬಂದು ಚಹಾ ಕುಡಿದರೆ
ಅರ್ಧ ನನಗೆ, ಅರ್ಧ ಸ್ವೆಟರಿಗೆ.
ಊರಲ್ಲಾದರೆ ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುತ್ತಿದ್ದೆವು,
ಹೊಸದು ಬರಲಿ ಎಂದು, ಅಂತ ಹೇಳಹೊರಟೆ.
ಮರಗಟ್ಟಿದ ತುಟಿಯಿಂದ ಹೊರಬಿದ್ದದ್ದು
"ಊಲಲ್ಲಾದಲೆ ಶಗನಿ".
ಹೇಗೋ ಅರ್ಥವಾಯಿತು ಚೆನ್ನವೀರರಿಗೆ.
"ಅರವತ್ತೆಂಟಕ್ಕೆ ಹೊಸದೇ?" ಅಂದರು,
ಅನ್ನುತ್ತಲೇ ಚಪ್ಪಲಿ ಮೆಟ್ಟಿದರು.

ಸಗಣಿ ಎಲ್ಲಿಯದು? ಗುಲಾಬಿ ಗಿಡದ ಗೊಬ್ಬರವಿತ್ತು,
ಒಂದು ಹಿಡಿ ಸಾಕಾಯಿತು.
ಹಿತ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ,
ಶೆಡ್ಡಿನ ಮೇಲಕ್ಕೆ ಬೀಸಿ ಎಸೆದೆ.
ಟಣ್ ಎಂದು ದಂಬೆಗೆ ಬಿತ್ತು.
ಕಡಲಹಕ್ಕಿಯೊಂದು ಇಳಿದು, ಕುಟ್ಟಿ ನೋಡಿ,
ಇದೇನು ತಿನ್ನುವುದು ಎಂಬಂತೆ ನಮ್ಮನ್ನು ದುರುಗುಟ್ಟಿ
ಹಾರಿಹೋಯಿತು.
ಇವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದರು:
ಗುರುವಾರ, ಕಡಲಹಕ್ಕಿ ಒಂದು.
ಹಲ್ಲು ಒಂದು.